ಊರಿಗೊಂದು ಮೈಕು: ಕಡಿಮೆ ಹಣದಲ್ಲಿ ಆರಿಸುವುದು ಹೇಗೆ?



ಸುಗ್ಗಿಯ ಕಣ ಖಾಲಿಯಾಗಿ ಕಾಳು ಮನೆ ಸೇರುತ್ತಲೇ ನಮ್ಮ ಹಳ್ಳಿಗಳಲ್ಲಿ ಮೈಕಿನ ಕಾಲ ಪ್ರಾರಂಭವಾಗುತ್ತದೆ. ಒಂದೂರಿನಲ್ಲಿ ಕುರುಕ್ಷೇತ್ರ ನಾಟಕ, ಇನ್ನೊಂದೂರಿನಲ್ಲಿ ರಾಮಮಂದಿರದ ಭಜನೆ, ಮತ್ತೊಂದರಲ್ಲಿ ಹರಿಕಥೆ. ನಡುವೆ ಹಾಲಿನ ಸಂಘದ ವಾರ್ಷಿಕ ಸಭೆ, ಶಾಲೆಯ ವಾರ್ಷಿಕೋತ್ಸವ, ಗ್ರಾಮಸಭೆ. ಪ್ರತಿ ಸಲವೂ ಪೇಟೆಯಿಂದ ಮೈಕ್ ಸೆಟ್ಟು ತರಿಸಿ ಬಾಡಿಗೆ ಕೊಟ್ಟು ಬೇಸತ್ತ ಅನೇಕ ಯುವಕ ಸಂಘಗಳೂ ಮಹಿಳಾ ಸಂಘಗಳೂ ಸ್ವಂತಕ್ಕೆ ಒಂದು ಸೆಟ್ಟು ಕೊಳ್ಳೋಣವೆಂದು ಚಂದಾ ಎತ್ತುತ್ತಿವೆ. ಆಲೋಚನೆ ಒಳ್ಳೆಯದು. ಆದರೆ ನಾನು ತಿರುಗಾಡುವ ಹಳ್ಳಿಗಳಲ್ಲಿ ನೋಡಿರುವಂತೆ, ಕೂಡಿದ ಹಣವೆಲ್ಲ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗೂ ಬಣ್ಣದ ದೀಪಕ್ಕೂ ಹೋಗಿ, ಮೈಕಿನ ಮಾತು ಬಂದಾಗ "ಯಾವುದಾದರೂ ಒಂದು ಸೇರಿಸಿ ಕೊಡಿ" ಎಂದು ಅಂಗಡಿಯವನಿಗೆ ಹೇಳಿ ತರುವುದೇ ವಾಡಿಕೆ. ಬೀಜ ಜೊಳ್ಳಾಗಿದ್ದರೆ ಗೊಬ್ಬರ ಎಷ್ಟು ಸುರಿದರೂ ಪೈರು ಬರುವುದಿಲ್ಲವಷ್ಟೆ. ಮೈಕಿನಲ್ಲಿ ಕೆಟ್ಟುಹೋದ ದನಿಯನ್ನು ಆಂಪ್ಲಿಫಯರು ದೊಡ್ಡದು ಮಾಡಬಲ್ಲುದೇ ಹೊರತು ಸರಿಮಾಡಲಾರದು.

ಇದು ಬರಿಯ ಮನರಂಜನೆಯ ವಿಷಯವೆಂದು ತಾವು ತಿಳಿಯಬಾರದು. ಗ್ರಾಮಸಭೆಯಲ್ಲಿ ಮೈಕು ಕೀರಿಕೊಂಡರೆ ನಷ್ಟ ಯಾರಿಗೆ? ದೊಡ್ಡ ಗಂಟಲಿನವರಿಗಲ್ಲ, ಅವರು ಮೈಕಿಲ್ಲದೆಯೂ ಮಾತಾಡಿಕೊಳ್ಳುತ್ತಾರೆ. ಮನೆ ಮಂಜೂರಾಗುವವರ ಪಟ್ಟಿಯಲ್ಲಿ ತನ್ನ ಹೆಸರು ಏಕೆ ಬಿಟ್ಟುಹೋಯಿತೆಂದು ಹಿಂದಿನ ಸಾಲಿನಲ್ಲಿ ಎದ್ದು ನಿಂತು ಕೇಳುವ ತಾಯಿಯ ಮಾತು ವೇದಿಕೆಗೆ ಮುಟ್ಟದಿದ್ದರೆ, ಅದು ನಡಾವಳಿ ಪುಸ್ತಕಕ್ಕೂ ಇಳಿಯುವುದಿಲ್ಲ. ಪುಸ್ತಕದಲ್ಲಿಲ್ಲದ ಮಾತಿಗೆ ಮುಂದೆ ಉತ್ತರ ಕೇಳುವವರೂ ಇಲ್ಲ. ಆದುದರಿಂದ ಮೈಕನ್ನು ಆರಿಸುವಾಗ ಊರಿನ ಅತ್ಯಂತ ಮೆಲುದನಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಬೇಕೆಂಬುದು ನನ್ನ ಅಭಿಪ್ರಾಯ.

ಮೈಕಿನೊಳಗೆ ಏನಿದೆ?

ಸೈಕಲ್ಲಿನ ಡೈನಮೋವನ್ನು ಹಿರಿಯರೆಲ್ಲ ಬಲ್ಲರು. ಚಕ್ರ ತಿರುಗಿದರೆ ಅಯಸ್ಕಾಂತದ ಬಳಿ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ದೀಪ ಉರಿಯುತ್ತದೆ. ಡೈನಮಿಕ್ ಎಂಬ ಜಾತಿಯ ಮೈಕಿನಲ್ಲಿಯೂ ಇರುವುದು ಇದೇ ಉಪಾಯ. ಜಾಲರಿಯ ಹಿಂದೆ ತೆಳುವಾದ ಒಂದು ಪೊರೆ, ಪೊರೆಗೆ ಅಂಟಿಸಿದ ಸಣ್ಣ ಸುರುಳಿ, ಸುರುಳಿಯ ಸುತ್ತ ಅಯಸ್ಕಾಂತ. ನಮ್ಮ ದನಿ ಪೊರೆಯನ್ನು ಅಲುಗಿಸುತ್ತದೆ, ಸುರುಳಿ ಅಲುಗುತ್ತದೆ, ವಿದ್ಯುತ್ತು ಹುಟ್ಟುತ್ತದೆ. ಆದರೆ ಎಷ್ಟು? ಟಾರ್ಚಿನ ಒಂದು ಸೆಲ್ಲು ಕೊಡುವುದು ೧.೫ ವೋಲ್ಟು. ಹತ್ತಿರದಿಂದ ಮಾತನಾಡಿದಾಗ ಮೈಕು ಕೊಡುವುದು ಹೆಚ್ಚುಕಡಿಮೆ ಅದರ ಸಾವಿರದಲ್ಲೊಂದು ಪಾಲು. ಇಷ್ಟು ಸಣ್ಣ ವಿದ್ಯುತ್ತು ಮೈಕಿನಿಂದ ಆಂಪ್ಲಿಫಯರಿನವರೆಗೆ ತಂತಿಯಲ್ಲಿ ನಡೆದು ಹೋಗಬೇಕು. ಕೇಬಲ್ಲು ಏಕೆ ಮುಖ್ಯವೆಂಬುದು ಇದರಿಂದಲೇ ತಮಗೆ ಗೊತ್ತಾಗುತ್ತದೆ.

ಇನ್ನೊಂದು ಜಾತಿಯ ಹೆಸರು ಕಂಡೆನ್ಸರ್. ಇದು ಬಹಳ ಸೂಕ್ಷ್ಮ; ದೂರದ ಸಣ್ಣ ಸದ್ದನ್ನೂ ಹಿಡಿಯುತ್ತದೆ. ಇದಕ್ಕೆ ಬೇರೆ ವಿದ್ಯುತ್ತು ಬೇಕು: ಸ್ಟುಡಿಯೋದ ಮೈಕುಗಳಿಗೆ ಮಿಕ್ಸರಿನಿಂದ ೪೮ ವೋಲ್ಟು, ಅಂಗಿಗೆ ಸಿಕ್ಕಿಸುವ ಸಣ್ಣ ಮೈಕುಗಳಿಗೆ ಒಂದು ಸೆಲ್ಲು. ಈ ಸಣ್ಣವು ಎಲೆಕ್ಟ್ರೆಟ್ ಎಂಬ ಬಗೆಯವು. ೧೯೬೨ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ರೂಪಿಸಿದರು. ಸೂಕ್ಷ್ಮವಾದುದು ಉತ್ತಮವಲ್ಲವೇ ಎಂದು ತಾವು ಕೇಳಬಹುದು. ಮುಚ್ಚಿದ ಕೋಣೆಯಲ್ಲಿ ಹೌದು. ಬಯಲಿನಲ್ಲಿ ಅದು ಗಾಳಿಯನ್ನೂ ಜನರೇಟರಿನ ಸದ್ದನ್ನೂ ಹಿಂದಿನಿಂದ ಪಾತ್ರಧಾರಿಗೆ ಮಾತು ಎತ್ತಿಕೊಡುವವನ ಪಿಸುಮಾತನ್ನೂ ಸ್ಪೀಕರಿನ ದನಿಯನ್ನೂ ಒಟ್ಟಾಗಿ ಹೀರಿಕೊಳ್ಳುತ್ತದೆ. ಧೂಳು ಮತ್ತು ತೇವಕ್ಕೂ ಬೇಗ ಬಗ್ಗುತ್ತದೆ. ನಮ್ಮ ಕೆಲಸಕ್ಕೆ ಡೈನಮಿಕ್ಕೇ ಸರಿ. ಕೈಜಾರಿ ಬಿದ್ದರೂ ಬಹುಮಟ್ಟಿಗೆ ಉಳಿಯುತ್ತದೆ.

ಮುಂದೆ ಕೇಳುವ ಮೈಕು, ಸುತ್ತಲೂ ಕೇಳುವ ಮೈಕು

ಕೆಲವು ಮೈಕುಗಳು ಎಲ್ಲ ದಿಕ್ಕಿನಿಂದಲೂ ಸಮನಾಗಿ ಕೇಳುತ್ತವೆ. ಕೆಲವು ಮುಂದಿನಿಂದ ಚೆನ್ನಾಗಿ ಕೇಳಿ ಹಿಂದಿನದನ್ನು ಬಹುಮಟ್ಟಿಗೆ ಬಿಡುತ್ತವೆ. ಈ ಎರಡನೆಯದಕ್ಕೆ ಕಾರ್ಡಿಯಾಯ್ಡ್ ಎಂದು ಹೆಸರು. ಡಬ್ಬಿಯ ಮೇಲೆ ಹೃದಯದಾಕಾರದ ಒಂದು ಗೆರೆ ಬರೆದಿರುತ್ತಾರೆ. ೧೯೩೯ರಲ್ಲಿ ಅಮೆರಿಕದ ಶೂರ್ ಕಂಪನಿಯ ಬೆಂಜಮಿನ್ ಬಾಯರ್ ಎಂಬ ಇಂಜಿನಿಯರು ಒಂದೇ ಪೊರೆಯಿಂದ ಈ ಗುಣವನ್ನು ಸಾಧಿಸಿದ ಮೇಲೆ ಇಂಥ ಮೈಕುಗಳು ಸಣ್ಣವೂ ಅಗ್ಗವೂ ಆದವು. ಮೈಕಿನ ತಲೆಯ ಹಿಂಭಾಗದಲ್ಲಿ ಗಾಳಿ ಒಳಹೋಗಲು ದಾರಿ ಬಿಟ್ಟು, ಹಿಂದಿನಿಂದ ಬಂದ ಸದ್ದು ಪೊರೆಯ ಎರಡು ಕಡೆಗೂ ಒಟ್ಟಿಗೆ ತಟ್ಟಿ ತಾನೇ ರದ್ದಾಗುವಂತೆ ಮಾಡುವುದು ಇದರ ಗುಟ್ಟು.

ಈ ಗುಟ್ಟನ್ನು ತಿಳಿದವರು ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಸಿನಿಮಾ ಹಾಡುಗಾರರನ್ನು ನೋಡಿ ನಮ್ಮ ಹುಡುಗರು ಜಾಲರಿಯನ್ನೇ ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಾರೆ. ಗಾಳಿಯ ದಾರಿ ಮುಚ್ಚಿದರೆ ಸಾವಿರಾರು ರೂಪಾಯಿಯ ಕಾರ್ಡಿಯಾಯ್ಡ್ ಮೈಕು ಆ ಕ್ಷಣದಿಂದಲೇ ಸುತ್ತಲೂ ಕೇಳುವ ಮೈಕಾಗಿ ಕೀರಲು ಆರಂಭಿಸುತ್ತದೆ. ಹಿಡಿಕೆಯ ನಡುವನ್ನು ಹಿಡಿಯಬೇಕು.

ಕೀರುವಿಕೆ ಎಂದರೇನು? ಸ್ಪೀಕರಿನಿಂದ ಹೊರಟ ದನಿ ತಿರುಗಿ ಮೈಕಿಗೆ ಬೀಳುತ್ತದೆ, ಮತ್ತೆ ದೊಡ್ಡದಾಗಿ ಸ್ಪೀಕರಿಗೆ ಹೋಗುತ್ತದೆ, ಮತ್ತೆ ಮೈಕಿಗೆ. ಏತದ ನೀರು ಕಾಲುವೆಗೆ ಹೋಗದೆ ತಿರುಗಿ ಬಾವಿಗೇ ಬೀಳುವ ಹಾಗೆ. ಇದನ್ನು ಕಂಡ ಕೂಡಲೇ ನಮ್ಮವರು ಮೈಕು ಕೆಟ್ಟಿತೆಂದು ಅದನ್ನು ತಟ್ಟುತ್ತಾರೆ. ಮೈಕಿನ ತಪ್ಪು ಅದರಲ್ಲಿ ಕಡಿಮೆ. ಸ್ಪೀಕರುಗಳನ್ನು ಮೈಕಿಗಿಂತ ಮುಂದೆ, ಜನರ ಕಡೆಗೆ ಮುಖಮಾಡಿ ಇಟ್ಟು, ಮೈಕಿನ ಬೆನ್ನು ಸ್ಪೀಕರಿನತ್ತ ಇರುವಂತೆ ನೋಡಿಕೊಂಡರೆ ಅರ್ಧ ಕಾಟ ತೀರಿತು. ಉಳಿದ ಅರ್ಧ ಬಾಯಿಗೂ ಮೈಕಿಗೂ ಇರುವ ದೂರದಲ್ಲಿದೆ. ದೂರ ಎರಡರಷ್ಟಾದರೆ ಮೈಕಿಗೆ ಮುಟ್ಟುವ ದನಿಯ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಎರಡು ಅಂಗುಲದಲ್ಲಿ ಮಾತನಾಡುವವರು ಎಂಟು ಅಂಗುಲಕ್ಕೆ ಸರಿದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಆಗ ಸೆಟ್ಟಿನ ಬಳಿ ಕುಳಿತವನು ಗುಬುಟು ತಿರುಗಿಸಿ ಏರಿಸುತ್ತಾನೆ, ಮೈಕು ಕೀರುತ್ತದೆ. ಸಿಂಪರಣೆಯ ನಾಜಲನ್ನು ಗಿಡದ ಹತ್ತಿರ ಹಿಡಿಯಬೇಕೆಂದು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮೈಕಿಗೂ ಅದೇ ಕ್ರಮ. ಮೂರು ನಾಲ್ಕು ಬೆರಳಿನಷ್ಟು ದೂರ ಸಾಕು.

ತೀರ ಹತ್ತಿರ ಹಿಡಿದರೆ ದನಿ ಗಡಸಾಗಿ ತುಂಬಿಕೊಳ್ಳುತ್ತದೆ. ಬೇಸ್ ಗುಬುಟನ್ನು ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಪ, ಫ, ಭ ಅಕ್ಷರಗಳಲ್ಲಿ ಬಾಯಿಯಿಂದ ಗಾಳಿ ನುಗ್ಗುವುದರಿಂದ "ಭೀಮಸೇನಾ!" ಎನ್ನುವಾಗ ಸ್ಪೀಕರಿನಲ್ಲಿ ಗುಂಡು ಹೊಡೆದಂತಾಗುತ್ತದೆ. ಬಾಯಿಗೆ ನೇರವಾಗಿ ಹಿಡಿಯದೆ ಒಂದಿಷ್ಟು ಓರೆಯಾಗಿ ಹಿಡಿಯಿರಿ. ಸ್ಪಂಜಿನ ಟೋಪಿ ಕೆಲವೇ ಹತ್ತು ರೂಪಾಯಿಗಳಿಗೆ ಸಿಗುತ್ತದೆ. ಬಯಲಿನ ಗಾಳಿಗೂ ಅದು ಒಳ್ಳೆಯದು.

ಕೊಳ್ಳುವಾಗ

ಜಗತ್ತಿನಾದ್ಯಂತ ಹಾಡುಗಾರರು ಹಿಡಿಯುವ ಗುಂಡುತಲೆಯ ಮೈಕೆಂದರೆ ಶೂರ್ ಕಂಪನಿಯ ಎಸ್‌ಎಂ-೫೮. ೧೯೬೬ರಲ್ಲಿ ಬಂದದ್ದು ಇಂದಿಗೂ ಮಾರಾಟವಾಗುತ್ತಿದೆ. ಬೆಲೆ ಸುಮಾರು ಹತ್ತು ಸಾವಿರ ರೂಪಾಯಿ. ನಮ್ಮ ಭಜನಾ ಮಂಡಲಿಗೆ ಇದು ಬೇಕೆ? ಬೇಡವೆಂದೇ ಹೇಳುತ್ತೇನೆ. ನಾವು ಬಳಸುವ ಸ್ಪೀಕರು, ನಾವು ಕೂರುವ ಬಯಲು, ಇವುಗಳಲ್ಲಿ ಅದರ ಹೆಚ್ಚುಗಾರಿಕೆಯ ಬಹುಭಾಗ ಕಾಣುವುದೇ ಇಲ್ಲ. ಮೂರು ಸಾವಿರ ರೂಪಾಯಿಯ ಒಳಗೆ ನಂಬಿಕೆಯ ಡೈನಮಿಕ್ ಮೈಕು ಸಿಗುತ್ತದೆ. ೧೯೪೦ರಿಂದ ನಡೆದುಬಂದಿರುವ ದೆಹಲಿಯ ಅಹುಜಾ ಕಂಪನಿಯವು ಹಳ್ಳಿ ಪೇಟೆಗಳಲ್ಲೆಲ್ಲ ಬಳಕೆಯಲ್ಲಿವೆ, ಅವುಗಳ ಬಿಡಿಭಾಗ ಮತ್ತು ರಿಪೇರಿಯೂ ಸುಲಭ. ಬೆರಿಂಜರ್ ಕಂಪನಿಯ ಎಕ್ಸ್‌ಎಂ-೮೫೦೦ ಎಂಬುದು ಅಗ್ಗದ ಮೈಕುಗಳಲ್ಲಿ ಒಳ್ಳೆಯ ಹೆಸರು ಪಡೆದಿದೆ. ಬೆಲೆ ಆಗಾಗ ಏರಿಳಿಯುವುದರಿಂದ ಎರಡು ಮೂರು ಕಡೆ ವಿಚಾರಿಸಿಕೊಳ್ಳಿ. ನಾಲ್ಕೈದು ನೂರು ರೂಪಾಯಿಯ ಮೈಕನ್ನು ಮಾತ್ರ ಕೊಳ್ಳಬೇಡಿ. ಡಬ್ಬಿಯ ಮೇಲೆ ಹೃದಯದ ಚಿತ್ರವಿದ್ದರೂ ಒಳಗೆ ಆ ಗುಣವಿರುವುದು ಅಪರೂಪ.

ಇಲ್ಲಿ ಒಂದು ಎಚ್ಚರಿಕೆ. ನಕಲಿ ಬೀಜ, ನಕಲಿ ಔಷಧಿಯಂತೆ ನಕಲಿ ಮೈಕುಗಳೂ ಪೇಟೆಯಲ್ಲಿ ಧಾರಾಳವಾಗಿವೆ. ಅದರಲ್ಲೂ ಎಸ್‌ಎಂ-೫೮ರ ನಕಲುಗಳಿಗೆ ಲೆಕ್ಕವಿಲ್ಲ. ಒಂದು ಊರಿನ ನಾಟಕ ಮಂಡಲಿಯವರಿಗೆ ಪೇಟೆಯ ಒಬ್ಬ ವ್ಯಾಪಾರಿ "ನಿಮಗಾಗಿ ಮಾತ್ರ" ಎಂದು ಎರಡು ಸಾವಿರಕ್ಕೆ ಒಂದರಂತೆ ಮೂರು ಕೊಟ್ಟಿದ್ದ. ರಸೀತಿ ಇಲ್ಲ. ಮೊದಲನೆಯ ನಾಟಕದಲ್ಲೇ ಒಂದು ಸತ್ತಿತು, ಉಳಿದೆರಡು ಕರ್ಣನ ಕಂದಪದ್ಯವನ್ನು ತಗಡಿನ ಡಬ್ಬದೊಳಗಿನಿಂದ ಹಾಡಿಸಿದವು. ಆರು ಸಾವಿರ ರೂಪಾಯಿ ಎಂದರೆ ಆ ಮಂಡಲಿಯಲ್ಲಿ ಹಲವರ ಕೂಲಿಯ ದುಡ್ಡು. ಅಸಲಿ ಎಸ್‌ಎಂ-೫೮ ಸುಮಾರು ೩೦೦ ಗ್ರಾಂ ತೂಗುತ್ತದೆ. ನಕಲುಗಳು ಸಾಮಾನ್ಯವಾಗಿ ಹಗುರ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ನೋಡಬಹುದು. ತಕ್ಕಡಿಗಿಂತ ಮೊದಲು ಬೆಲೆಯೇ ಗುಟ್ಟು ಹೇಳುತ್ತದೆ: ಹತ್ತು ಸಾವಿರದ ವಸ್ತುವನ್ನು ಯಾರೂ ಎರಡು ಸಾವಿರಕ್ಕೆ ಕೊಡುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ತಾಲ್ಲೂಕು ಕೇಂದ್ರದಲ್ಲಿ ಕೊಂಡರೂ ಜಿಎಸ್‌ಟಿ ರಸೀತಿ ಮತ್ತು ವಾರಂಟಿ ಚೀಟಿ ಇಲ್ಲದೆ ಹಣ ಕೊಡಬೇಡಿ. ಬಿತ್ತನೆ ಬೀಜದ ಚೀಲದ ಚೀಟಿಯನ್ನು ನೋಡಿ ಎತ್ತಿಡುವಷ್ಟೇ ಎಚ್ಚರ ಇಲ್ಲಿಯೂ ಇರಲಿ.

ಅಂಗಡಿಯಲ್ಲಿಯೇ ಪರೀಕ್ಷೆ ಮಾಡಬಹುದು. ಸೆಟ್ಟಿಗೆ ಸಿಕ್ಕಿಸಿ ಮುಂದಿನಿಂದ ಮಾತನಾಡಿ, ಮೈಕನ್ನು ತಿರುಗಿಸಿ ಅದರ ಬೆನ್ನಿನ ಕಡೆಯಿಂದ ಅದೇ ಮಾತನ್ನು ಆಡಿ. ದನಿ ಸ್ಪಷ್ಟವಾಗಿ ಕುಗ್ಗಬೇಕು. ಕುಗ್ಗದಿದ್ದರೆ ಅದು ಕಾರ್ಡಿಯಾಯ್ಡ್ ಅಲ್ಲ, ಡಬ್ಬಿ ಏನೇ ಹೇಳಲಿ. ಹಿಡಿಕೆಯನ್ನು ಕೈಯಲ್ಲಿ ಉಜ್ಜಿದರೆ ಗರಗರ ಸದ್ದು ಬಹಳ ಬರಬಾರದು. ಕೇಬಲ್ಲು ಸೇರುವ ಬುಡವನ್ನು ಮೆಲ್ಲಗೆ ಅಲುಗಿಸಿದಾಗ ದನಿ ಕಡಿಯಬಾರದು. ಖರೀದಿಗೆ ಹೋಗುವಾಗ ಒಬ್ಬ ಹೆಣ್ಣುಮಗಳನ್ನೂ ಕರೆದೊಯ್ಯಿರಿ, ಅವರೂ ಮಾತನಾಡಿ ನೋಡಲಿ. ಗಂಡಸಿನ ಗಡಸು ದನಿಯಲ್ಲಿ ಚೆನ್ನಾಗಿ ಕೇಳಿದ ಮೈಕು ಹೆಂಗಸರ, ಮಕ್ಕಳ ದನಿಯಲ್ಲಿ ಕಿವಿಗೆ ಚುಚ್ಚುವುದುಂಟು.

ಕೇಬಲ್ಲಿನ ಮಾತು. ಮೈಕಿನ ಬುಡದಲ್ಲಿ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ಸಾಕೆಟ್ಟು ಇರುವುದನ್ನೇ ಕೊಳ್ಳಿ. ಕೇಬಲ್ಲು ಮೈಕಿನೊಳಗೇ ಬೆಸೆದಿರುವುದು ಬೇಡ. ಅದು ಒಳಗೆ ಕಡಿದರೆ ಮೈಕೇ ಮೂಲೆಗೆ. ಇನ್ನೊಂದು ತುದಿಯಲ್ಲಿ ಎರಡು ಬಗೆ. ಆಂಪ್ಲಿಫಯರಿನಲ್ಲಿಯೂ ಎಕ್ಸ್‌ಎಲ್‌ಆರ್ ಇದ್ದರೆ ಎರಡು ತಂತಿಗಳಲ್ಲಿ ದನಿ, ಸುತ್ತ ಹೆಣೆದ ತಾಮ್ರದ ಕವಚ. ಹೊರಗಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆ ಎರಡು ತಂತಿಗೂ ಸಮನಾಗಿ ಬಂದು ಅಲ್ಲಿಯೇ ರದ್ದಾಗುತ್ತದೆ. ಹೀಗೆ ೫೦ ಮೀಟರ್ ಎಳೆದರೂ ತೊಂದರೆಯಿಲ್ಲ. ಅಂಗಡಿಯವರು ಪಿ-೩೮ ಎನ್ನುವ ದಪ್ಪ ಒಂಟಿ ಜ್ಯಾಕಿನಲ್ಲಿ ಈ ಅನುಕೂಲವಿಲ್ಲ. ೫-೬ ಮೀಟರಿಗಿಂತ ಉದ್ದವಾದರೆ ಗುಂಯ್‌ಗುಡುತ್ತದೆ. ಗ್ರಾಮಸಭೆಯಲ್ಲಿ ಜನರ ನಡುವೆ ಮೈಕು ಓಡಾಡಬೇಕಾದರೆ ೧೫-೨೦ ಮೀಟರ್ ಕೇಬಲ್ಲು ಬೇಕಾಗುತ್ತದೆ. ಆದುದರಿಂದ ಆಂಪ್ಲಿಫಯರು ಕೊಳ್ಳುವಾಗಲೇ ಎಕ್ಸ್‌ಎಲ್‌ಆರ್ ಇರುವುದನ್ನು ಕೇಳಿ ಪಡೆಯಿರಿ. ಹತ್ತರಲ್ಲಿ ಎಂಟು ಸಲ ಕೆಡುವುದು ಕೇಬಲ್ಲಿನ ತುದಿಯ ಬೆಸುಗೆಯೇ ಹೊರತು ಮೈಕಲ್ಲ. ಮೋಟಾರು ರಿಪೇರಿ ಬಲ್ಲ ಹುಡುಗ ಪ್ರತಿ ಊರಿನಲ್ಲೂ ಇದ್ದಾನೆ. ಅವನ ಕೈಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ.

ಸ್ಟ್ಯಾಂಡು ಎತ್ತರ ತಗ್ಗು ಮಾಡಲು ಬರುವಂಥದ್ದಿರಬೇಕು. ಆರಡಿ ಆಳಿಗೆ ಬಿಗಿದ ಸ್ಟ್ಯಾಂಡಿನ ಮುಂದೆ ಸಂಘದ ಅಧ್ಯಕ್ಷಿಣಿಯವರು ಕತ್ತೆತ್ತಿ ಮಾತನಾಡುವುದನ್ನು ನಾವೆಲ್ಲ ನೋಡಿದ್ದೇವೆ. ಹೋಗಿ ಇಳಿಸುವವರು ಯಾರೂ ಇಲ್ಲ!

ತಂತಿಯಿಲ್ಲದ ಮೈಕುಗಳ ಬಗ್ಗೆ ಯುವಕರು ನನ್ನನ್ನು ಬಹಳ ಕೇಳುತ್ತಾರೆ. ಓಡಾಡಲು ಅನುಕೂಲವೆಂಬುದು ನಿಜ. ಆದರೆ ತಂತಿಯ ಮೈಕಿನ ಗುಣ ತಂತಿಯಿಲ್ಲದ್ದರಲ್ಲಿ ಬೇಕಾದರೆ ಅದರ ಹಲವು ಪಟ್ಟು ಹಣ ಬೇಕು. ಅಗ್ಗದವುಗಳಲ್ಲಿ ಸೆಲ್ಲು ನಡುವೆಯೇ ಮುಗಿಯುತ್ತದೆ, ದನಿ ಕಡಿದು ಕಡಿದು ಬರುತ್ತದೆ. ಹಳೆಯ ಸೆಟ್ಟನ್ನು ಅಗ್ಗವೆಂದು ಕೊಳ್ಳುವವರು ಇನ್ನೊಂದು ತಿಳಿದಿರಬೇಕು. ಹಿಂದೆ ಇಂಥ ಕೆಲವು ಮೈಕುಗಳು ಬಳಸುತ್ತಿದ್ದ ೭೦೦ ಮೆಗಾಹರ್ಟ್ಸ್ ತರಂಗಗಳು ೨೦೨೨ರ ಹರಾಜಿನಲ್ಲಿ ಮೊಬೈಲ್ ಸೇವೆಗೆ ಹೋಗಿವೆ. ಅಂಥ ಸೆಟ್ಟು ಟವರಿನ ಹತ್ತಿರ ಒರಲಿದರೆ ಆಶ್ಚರ್ಯವಿಲ್ಲ. ಮೊದಲು ಎರಡು ತಂತಿಯ ಮೈಕು, ಎರಡು ಸ್ಟ್ಯಾಂಡು, ಒಂದು ಉದ್ದ ಮತ್ತು ಒಂದು ಗಿಡ್ಡ ಕೇಬಲ್ಲು. ಹಣ ಮಿಕ್ಕರೆ ಮೂರನೆಯ ಮೈಕು.

ನಾಟಕಕ್ಕೆ

ಪೌರಾಣಿಕ ನಾಟಕದಲ್ಲಿ ವೇದಿಕೆಯ ಮೇಲಿನಿಂದ ಐದಾರು ಮೈಕುಗಳನ್ನು ಇಳಿಬಿಡುವ ಪದ್ಧತಿ ಇದೆ. ತಲೆಯಿಂದ ಮೂರು ನಾಲ್ಕು ಅಡಿ ಮೇಲೆ ತೂಗುವ ಮೈಕಿಗೆ ಬಾಯಿಯ ದನಿಯೂ ಸ್ಪೀಕರಿನ ದನಿಯೂ ಒಂದೇ ಲೆಕ್ಕ. ಅಲ್ಲದೆ ಒಟ್ಟಿಗೆ ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡರಷ್ಟಾದರೆ, ಕೀರದಂತೆ ಕೊಡಬಹುದಾದ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಮೈಕು ಹೆಚ್ಚಾದಷ್ಟೂ ಚೆನ್ನಾಗಿ ಕೇಳುತ್ತದೆಂಬುದು ತಪ್ಪು ತಿಳಿವಳಿಕೆ. ವೇದಿಕೆಯ ಅಂಚಿನಲ್ಲಿ ಸ್ಟ್ಯಾಂಡಿಗೆ ಎರಡು ಮೈಕು, ಹಾರ್ಮೋನಿಯಂ ಮೇಷ್ಟರಿಗೆ ಒಂದು, ಇಷ್ಟೇ ಇಟ್ಟುಕೊಂಡು ಪಾತ್ರಧಾರಿಗಳಿಗೆ ಪದ್ಯ ಹೇಳುವಾಗ ಸ್ಟ್ಯಾಂಡಿನ ಬಳಿ ಬರುವುದನ್ನು ತಾಲೀಮಿನಲ್ಲಿಯೇ ಅಭ್ಯಾಸ ಮಾಡಿಸಿದರೆ ಸಾಹಿತ್ಯ ಕೊನೆಯ ಸಾಲಿಗೂ ಮುಟ್ಟುತ್ತದೆ. ಹಾರ್ಮೋನಿಯಂ ಮೈಕಿನ ದನಿ ತಗ್ಗಿರಲಿ. ಆ ವಾದ್ಯಕ್ಕೆ ಸ್ವಂತ ಗಂಟಲೇ ಸಾಕಷ್ಟಿದೆ. ಮೇಷ್ಟರಿಗೆ ಈ ಮಾತು ರುಚಿಸಲಾರದು, ಆದರೂ ಹೇಳಬೇಕು. ಯಾರೂ ಬಳಸದ ಮೈಕನ್ನು ಆ ಹೊತ್ತಿಗೆ ಮುಚ್ಚಿಡುವುದೇ ಸೆಟ್ಟಿನ ಬಳಿ ಕುಳಿತವನ ಮುಖ್ಯ ಕೆಲಸ.

ರಾತ್ರಿಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ ೧೦ರಿಂದ ಬೆಳಿಗ್ಗೆ ೬ರವರೆಗೆ ಬಯಲಿನಲ್ಲಿ ಬಳಸಕೂಡದು. ಸಾಂಸ್ಕೃತಿಕ, ಧಾರ್ಮಿಕ ಉತ್ಸವಗಳಿಗೆ ವರ್ಷಕ್ಕೆ ೧೫ ದಿನಗಳನ್ನು ಮೀರದಂತೆ ರಾತ್ರಿ ೧೨ರವರೆಗೆ ಸಡಿಲಿಸುವ ಅಧಿಕಾರ ಸರ್ಕಾರಕ್ಕಿದೆ. ಬೆಳಗಿನ ಜಾವದವರೆಗೆ ಆಡುವ ಮಂಡಲಿಯವರು ಮೊದಲೇ ಠಾಣೆಯಲ್ಲಿ ವಿಚಾರಿಸಿಕೊಳ್ಳುವುದು ಮೇಲು. ಗದಾಯುದ್ಧದ ನಡುವೆ ಸೆಟ್ಟು ಬಂದ್ ಮಾಡಿಸಿಕೊಳ್ಳುವುದು ಯಾರಿಗೂ ಶೋಭೆಯಲ್ಲ.

ಜೀವಕ್ಕೆ ಸಂಬಂಧಿಸಿದ ಮಾತು

ಮೈಕಿನ ಲೋಹದ ಮೈ ಕೇಬಲ್ಲಿನ ಕವಚದ ಮೂಲಕ ಆಂಪ್ಲಿಫಯರಿನ ಮೈಗೆ ಸೇರಿರುತ್ತದೆ. ಆಂಪ್ಲಿಫಯರಿನೊಳಗೆ ಫೇಸು ಮೈಗೆ ತಗುಲಿ, ಅರ್ತಿಂಗೂ ಇಲ್ಲದಿದ್ದರೆ ಮೈಕು ಹಿಡಿದವರ ಕೈಗೆ ಪೂರ್ತಿ ವಿದ್ಯುತ್ತು ಬರುತ್ತದೆ. ಪಂಪಿನ ಸ್ಟಾರ್ಟರು ಮುಟ್ಟಿ ಜುಮ್ಮೆನಿಸಿಕೊಂಡವರಿಗೆ ಇದು ಅರ್ಥವಾಗುತ್ತದೆ. ನೀರು ಚಿಮುಕಿಸಿದ ನೆಲ, ಬರಿಗಾಲು, ತುಟಿಯ ಹತ್ತಿರ ಮೈಕು: ಇದಕ್ಕಿಂತ ಅಪಾಯದ ಕೂಟ ಬೇರಿಲ್ಲ. ಮೂರು ಕಡ್ಡಿಯ ಪ್ಲಗ್ಗಿನ ಅರ್ತ್ ಕಡ್ಡಿಯನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ತುರುಕುವುದನ್ನು ದಯವಿಟ್ಟು ನಿಲ್ಲಿಸಿ. ಸಮುದಾಯ ಭವನದ ಅರ್ತಿಂಗ್ ಸರಿಯಿದೆಯೇ ಎಂದು ವೈರ್‌ಮನ್ನರಿಂದ ನೋಡಿಸಿ, ೩೦ ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಒಂದು ಒಳ್ಳೆಯ ಮೈಕಿನ ಬೆಲೆಯಲ್ಲಿ ಅದು ಮುಗಿಯುತ್ತದೆ. ಕಂಬಕ್ಕೆ ಕೊಕ್ಕೆ ಹಾಕಿ ತಂದ ವಿದ್ಯುತ್ತಿನಲ್ಲಿ ಯಾರ ಕೈಗೂ ಮೈಕು ಕೊಡಬೇಡಿ. ಕಾರ್ಯಕ್ರಮಕ್ಕೆ ಮುಂಚೆ ಟೆಸ್ಟರನ್ನು ಮೈಕಿನ ಜಾಲರಿಗೆ ತಾಗಿಸಿ ನೋಡಿ. ಉರಿದರೆ ಸರಿಮಾಡುವವರೆಗೆ ಸೆಟ್ಟನ್ನು ಹಚ್ಚಕೂಡದು. ಉರಿಯದಿದ್ದರೂ ಅರ್ತಿಂಗಿನ ಪರೀಕ್ಷೆಯನ್ನು ಬಿಡಬೇಡಿ.

ಮೈಕುಗಳನ್ನು ಸೊಸೈಟಿಯ ಗೊಬ್ಬರದ ಮೂಟೆಗಳ ನಡುವೆ ಇಡುವ ರೂಢಿ ಕೆಲವು ಊರುಗಳಲ್ಲಿದೆ. ರಾಸಾಯನಿಕ ಗೊಬ್ಬರ ತೇವ ಹೀರಿ ಬಿಡುವ ವಸ್ತು, ತಾಮ್ರದ ಬೆಸುಗೆಗೆ ಅದು ಕೂಡದು. ಒಣಗಿದ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಇಡಿ. ಎಂಜಲು, ಧೂಳು ಕಟ್ಟಿದ ಜಾಲರಿಯನ್ನು ತಿರುಚಿ ಬಿಚ್ಚಿ, ಬರಿಯ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು; ಒಳಗಿನ ಪೊರೆಗೆ ಹನಿ ನೀರೂ ಸೋಕಬಾರದು. ಕೇಬಲ್ಲನ್ನು ಮೊಳಕೈಗೆ ಬಿಗಿಯಾಗಿ ಸುತ್ತದೆ, ಬಾವಿಯ ಹಗ್ಗದಂತೆ ದೊಡ್ಡ ಸುತ್ತಾಗಿ ಸಡಿಲವಾಗಿ ಸುತ್ತಿ ಗೂಟಕ್ಕೆ ತೂಗುಹಾಕಿ.